ಬಲಗಡೆಯ ಹೊಲಿಗೆ

“ಮಂಗ. ಹದಿನೆಂಟು ಪ್ರತಿ,” ಎಂದು ಮುಖ್ಯೋಪಾಧ್ಯಾಯಿನಿ ದಾಕ್ಷಾಯಣಿಯವರು ಲೈಬ್ರರಿ ರಿಜಿಸ್ಟರಿನ ಮೇಲೆ ಬೆರಳಿಟ್ಟು ಓದಿದರು. ಇನ್ನೊಮ್ಮೆ ಓದಿದರು. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, “ಏನ್ರೀ ಪುಟ್ಟಣ್ಣ ಇದು? ನಮ್ಮ ಲೈಬ್ರರೀಲಿ ಹದಿನೆಂಟು ಮಂಗ ಇದಾವಾ?” ಎಂದರು.

ಗುಮಾಸ್ತ ಪುಟ್ಟಣ್ಣನಿಗೆ ತಾನು ತಪ್ಪು ಮಾಡಿದ್ದೇನೆಂಬ ಅನುಮಾನವೇ ಇರಲಿಲ್ಲ. “ಪುಸ್ತಕದ ಮೇಲೆ ಹಂಗೇ ಇದೆ ಮೇಡಂ. ಎಮ್ಮು, ಎ, ಎನ್ನು, ಜಿ, ಎ. ಮಂಗ. ಇದ್ದಿದ್ದು ಬರ್ದೆ.”

“ವಿಷಯ ಅನ್ನೋ ಕಡೆ ಆರೋಗ್ಯ ಅಂತ ಬರ್ದಿದೀರಿ.”

“ಆರೋಗ್ಯ ಇಲಾಖೆಯೋರು ಮಂಗನ ಕಾಯಿಲೆ ಪುಸ್ತಕ ಕಳಿಸಿದ್ರಲ್ಲ ಮೇಡಂ, ಅದರ ಜೊತೆಗೇ ಇಟ್ಟಿದೀನಿ. ಮಂಗದ್ದೆಲ್ಲ ಒಂದು ಕಡೆ ಇರ್ಲಿ ಅಂತ.”

ದಾಕ್ಷಾಯಣಿಯವರು ಹಣೆಗೆ ಕೈಹಚ್ಚಿಕೊಂಡು ಬಾಗಿಲ ಬಳಿ ನಿಂತಿದ್ದ ಶಿವಯೋಗಪ್ಪನವರನ್ನು ನೋಡಿದರು. ಶಿವಯೋಗಪ್ಪನವರು ಕನ್ನಡ ಪಂಡಿತರು. ಲೈಬ್ರರಿಯ ಉಸ್ತುವಾರಿಯೂ ಅವರದೇ. ಮೂವತ್ತೊಂದು ವರ್ಷದಿಂದ ಶಿವಮೊಗ್ಗದ ಗೋಪಾಳದಿಂದ ಭದ್ರಾವತಿಯ ಈ ಶಾಲೆಗೆ ದಿನವೂ ಬಸ್ಸಿನಲ್ಲಿ ಬಂದು ಹೋಗುವವರು. ಹಣೆಯ ಮೇಲಿನ ವಿಭೂತಿ ಸಂಜೆಯವರೆಗೂ ಮಾಸದಂತೆ ನೋಡಿಕೊಳ್ಳುವವರು.

“ಅದು ಮಂಗ ಅಲ್ಲ ಮೇಡಂ, ಮಾಂಗಾ. ಜಪಾನಿನ ಚಿತ್ರಕಥೆ. ನಮ್ಮ ಚಂದ್ರಹಾಸನ ಪುಸ್ತಕಗಳು. ಅವರ ತಾಯಿ ತಂದುಕೊಟ್ಟಿದ್ದು.”

ದಾಕ್ಷಾಯಣಿಯವರ ಮುಖ ಸ್ವಲ್ಪ ಸಡಿಲವಾಯಿತು. ಚಂದ್ರಹಾಸನ ಹೆಸರು ಬಂದರೆ ಆ ಶಾಲೆಯಲ್ಲಿ ಎಲ್ಲರ ಮುಖವೂ ಹಾಗೆಯೇ ಆಗುತ್ತಿತ್ತು. “ಬೇಡ ಅನ್ನೋದಿಲ್ಲ ನಾನು. ಆದ್ರೆ ಶನಿವಾರ ಇನ್‌ಸ್ಪೆಕ್ಷನ್ನು ಶಿವಯೋಗಪ್ಪನವ್ರೇ. ನಿನ್ನೆ ಒಂದು ತೆಗೆದು ನೋಡ್ದೆ. ಮೊದಲನೇ ಪುಟದಲ್ಲಿ ಕಥೆ ಮುಗಿದಿದೆ. ಕೊನೇ ಪುಟದಲ್ಲಿ ಮುಖಪುಟ ಇದೆ. ಅವರು ಅದನ್ನೇ ಎತ್ತಿಕೊಂಡ್ರೆ ಏನು ಹೇಳೋದು? ಒಂದೋ ಸರಿಮಾಡಿ, ಇಲ್ಲಾ ಎಲ್ಲಾದ್ರೂ ಒಳಗಿಡಿ.”

ಚಂದ್ರಹಾಸ ಆ ಶಾಲೆಯ ಚಿತ್ರಕಲೆಯ ಮೇಷ್ಟ್ರಾಗಿದ್ದ. ಐದು ವರ್ಷ ಹಂಗಾಮಿಯಾಗಿಯೇ ಇದ್ದು, ಕಾಯಂ ಆಗುವ ಮೊದಲೇ, ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ಕಾಮಾಲೆಯಿಂದ ತೀರಿಹೋದ. ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದ ಮಾರಪ್ಪನ ಒಬ್ಬನೇ ಮಗ. ಪರೀಕ್ಷೆಗೆಂದು ಬೆಂಗಳೂರಿಗೆ ಹೋದಾಗಲೆಲ್ಲ ಹಳೆ ಪುಸ್ತಕದ ರಾಶಿಗಳಲ್ಲಿ ಕೂತು ಈ ಜಪಾನಿನ ಚಿತ್ರಕಥೆಗಳನ್ನು ಹೆಕ್ಕಿ ತರುತ್ತಿದ್ದ. ಎಲ್ಲವೂ ಇಂಗ್ಲಿಷಿಗೆ ಬಂದವು. ಅವನ್ನು ಲೈಬ್ರರಿಯಲ್ಲಿ ಇಡಲು ಅನುಮತಿ ಕೊಡಬೇಕೆಂದು ಅವನು ಬರೆದುಕೊಟ್ಟ ಎರಡು ಅರ್ಜಿಗಳು ಶಿವಯೋಗಪ್ಪನವರ ಫೈಲಿನಲ್ಲಿ ಇನ್ನೂ ಇದ್ದವು. ಎರಡರ ಮೇಲೂ ಅವರದೇ ದುಂಡು ಅಕ್ಷರದಲ್ಲಿ ಷರಾ ಇತ್ತು: ‘ಪರಿಶೀಲಿಸಲಾಗಿದೆ. ಅವಶ್ಯಕತೆ ಇರುವುದಿಲ್ಲ.’

ಪರಿಶೀಲಿಸಿರಲಿಲ್ಲ. ಅದು ಶಿವಯೋಗಪ್ಪನವರಿಗೆ ಗೊತ್ತಿತ್ತು. ಎರಡನೆಯ ಸಲ ಚಂದ್ರಹಾಸ ಪುಸ್ತಕ ಹಿಡಿದುಕೊಂಡೇ ಬಂದು, “ಸಾರ್, ಇದನ್ನು ಓದೋ ರೀತಿ ಒಂದು ಇದೆ, ಎರಡೇ ನಿಮಿಷ ಹೇಳ್ತೀನಿ,” ಎಂದಿದ್ದ. “ಗೊಂಬೆ ನೋಡೋಕೆ ರೀತಿ ಬೇರೆ ಬೇಕೇನಪ್ಪ? ಹೈಸ್ಕೂಲು ಮಕ್ಕಳು ಅಕ್ಷರ ಓದ್ಬೇಕು. ಗೊಂಬೆ ಬಾಲವಾಡಿಗೆ ಕೊಡು,” ಎಂದು ಇವರು ಕೈಬೀಸಿದ್ದರು. ಅವನು ನಕ್ಕು ಹೊರಟುಹೋಗಿದ್ದ. ನಗದೆ ಎರಡು ಮಾತು ಆಡಿದ್ದರೆ ಚೆನ್ನಾಗಿತ್ತು ಎಂದು ಅವರಿಗೆ ಈಗ ಅನ್ನಿಸುತ್ತಿತ್ತು.

ಅವನು ಹೋದ ಮೂರನೆಯ ತಿಂಗಳು ಅವನ ತಾಯಿ ಮಾಸ್ತಮ್ಮ ಅಕ್ಕಿ ಚೀಲದಲ್ಲಿ ಪುಸ್ತಕಗಳನ್ನು ಹೊತ್ತು ತಂದು ಲೈಬ್ರರಿಯ ಹೊಸ್ತಿಲಲ್ಲಿ ಇಳಿಸಿದ್ದಳು. “ಮಕ್ಕಳು ಓದ್ಲಿ ಅಂತ ಅವ್ನು ಆಸೆ ಪಡ್ತಿದ್ದ ಮೇಷ್ಟ್ರೇ. ಮನೇಲಿದ್ರೆ ನಾನೇನು ಓದ್ತೀನಾ? ಕಣ್ಣಿಗೆ ಬಿದ್ದಾಗೆಲ್ಲ ಹೊಟ್ಟೆ ಉರೀತದೆ.” ಈ ಸಲ ಶಿವಯೋಗಪ್ಪನವರು ಯಾವ ಷರಾ ಬರೆಯಲಿಲ್ಲ. ಎದ್ದು ನಿಂತು ಚೀಲವನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು.

ಅಂದಿನಿಂದ ಮಾಸ್ತಮ್ಮ ಪ್ರತಿ ಸೋಮವಾರ ದೇವಸ್ಥಾನದಿಂದ ಮನೆಗೆ ಹೋಗುವಾಗ ಲೈಬ್ರರಿಯ ಬಾಗಿಲಿಗೆ ಬರುತ್ತಿದ್ದಳು. ಒಳಗೆ ಬರುತ್ತಿರಲಿಲ್ಲ. ಕೇಳುತ್ತಿದ್ದುದು ಒಂದೇ ಮಾತು.

“ಯಾರಾದ್ರೂ ಓದಿದ್ರಾ ಮೇಷ್ಟ್ರೇ?”

“ಓದ್ತಾರಮ್ಮ.”

ಮೊದಲ ಸೋಮವಾರ ಆ ಮಾತು ತಾನಾಗಿ ಬಾಯಿಗೆ ಬಂದುಬಿಟ್ಟಿತ್ತು. ಎರಡನೆಯ ಸೋಮವಾರ ಅದನ್ನು ಹಿಂದೆ ತೆಗೆದುಕೊಳ್ಳುವುದು ಹೇಗೆಂದು ತಿಳಿಯಲಿಲ್ಲ. ಐದನೆಯ ಸೋಮವಾರದ ಹೊತ್ತಿಗೆ ಮಾಸ್ತಮ್ಮ ಹೂವಿನ ಎಸಳು, ಬಾಳೆಹಣ್ಣು ತಂದು, “ಓದಿದ ಮಕ್ಕಳಿಗೆ ಕೊಡಿ,” ಎನ್ನತೊಡಗಿದ್ದಳು. ನಿಜವಾಗಿ ಆ ಪುಸ್ತಕಗಳನ್ನು ಯಾರೂ ಮುಟ್ಟಿರಲಿಲ್ಲ. ಮುಟ್ಟುವುದು ಹೇಗೆ, ಬೀರುವಿನ ಬೀಗದ ಕೈ ಶಿವಯೋಗಪ್ಪನವರ ಜೇಬಿನಲ್ಲಿತ್ತು. ಬೆಳಿಗ್ಗೆ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕಣ್ಣುಮುಚ್ಚಿದರೆ ಆ ಬಾಳೆಹಣ್ಣಿನ ವಾಸನೆ ಬಂದಂತಾಗಿ ಮನಸ್ಸು ನಿಲ್ಲುತ್ತಿರಲಿಲ್ಲ.

ದಾಕ್ಷಾಯಣಿಯವರು ‘ಸರಿಮಾಡಿ’ ಎಂದದ್ದು ಅವರಿಗೆ ದಾರಿ ತೋರಿಸಿದಂತಾಯಿತು. ಆ ಸಂಜೆ ಬೀಗ ತೆಗೆದು ಮೊದಲ ಸಲ ಪುಸ್ತಕಗಳನ್ನು ಒಂದೊಂದಾಗಿ ನೋಡಿದರು. ಹೊದಿಕೆ ಹರಿದಿದ್ದವು, ಹಾಳೆ ಬಿಟ್ಟುಕೊಂಡಿದ್ದವು. ಎಲ್ಲಕ್ಕೂ ಬೆನ್ನು ಬಲಗಡೆ. ಮಾಮೂಲಿನಂತೆ ತೆರೆದರೆ ಏಳೆಂಟು ಪುಸ್ತಕಗಳಲ್ಲಿ ದಪ್ಪ ಅಕ್ಷರದ ಒಂದು ಇಂಗ್ಲಿಷ್ ಎಚ್ಚರಿಕೆ ಇತ್ತು. ‘ನಿಲ್ಲಿ’ ಎಂಬುದೂ ‘ತಪ್ಪು’ ಎಂಬುದೂ ಅದರಲ್ಲಿ ಕಂಡವು. ಶಿವಯೋಗಪ್ಪನವರ ಇಂಗ್ಲಿಷು ಅಷ್ಟಕ್ಕೆ ಸಾಕಾಗಿತ್ತು. ಅವರ ಕಾಲದ ಪುಸ್ತಕಗಳಲ್ಲೂ ಮುದ್ರಕರು ಕೊನೆಗೆ ತಪ್ಪು ಒಪ್ಪುಗಳ ಪಟ್ಟಿ ಹಾಕುತ್ತಿದ್ದರು. ‘ಪಾಪ, ಅಚ್ಚುಹಾಕಿದವರೇ ತಪ್ಪಾಗಿದೆ ಎಂದು ಒಪ್ಪಿಕೊಂಡಿದ್ದಾರೆ. ಅದಕ್ಕೇ ಅಗ್ಗಕ್ಕೆ ಸಿಕ್ಕಿವೆ,’ ಎಂದುಕೊಂಡರು. ಮೂವತ್ತೊಂದು ವರ್ಷ ಲೈಬ್ರರಿ ನೋಡಿಕೊಂಡವರಿಗೆ ಒಂದು ಪುಸ್ತಕಕ್ಕೆ ಮಾಡಬಹುದಾದ ದೊಡ್ಡ ಮರ್ಯಾದೆ ಯಾವುದೆಂದು ಚೆನ್ನಾಗಿ ಗೊತ್ತಿತ್ತು. ಕ್ಯಾಲಿಕೋ ಬಟ್ಟೆಯ ಗಟ್ಟಿ ಬೈಂಡಿಂಗು, ಬೆನ್ನಿನ ಮೇಲೆ ಚಿನ್ನದ ಬಣ್ಣದ ಅಕ್ಷರ.

ಶಿವಮೊಗ್ಗದ ಗಾಂಧಿ ಬಜಾರಿನ ಹಿಂದಿನ ಓಣಿಯಲ್ಲಿ ಜಂಬಣ್ಣನ ಬೈಂಡಿಂಗ್ ಅಂಗಡಿ ಇತ್ತು. ಜಂಬಣ್ಣ ಪುಸ್ತಕಗಳನ್ನು ತಿರುಗಿಸಿ ತಿರುಗಿಸಿ ನೋಡಿದ. ಅಂಟು ಮೆತ್ತಿದ ಬೆರಳಿನಿಂದ ತಲೆ ಕೆರೆದುಕೊಂಡ.

“ಮೇಷ್ಟ್ರೇ, ಬೆನ್ನು ಇತ್ಲಾಗೇ ಇರ್ಬೇಕೇನೋ ಇದಕ್ಕೆ.”

“ಯಾಕಪ್ಪ?”

“ಉರ್ದು ಶಾಲೆ ಪುಸ್ತಕ ಬರ್ತವಲ್ಲ ನನ್ನ ಹತ್ರ, ಅವಕ್ಕೆಲ್ಲ ಬಲಗಡೇನೇ ಹೊಲಿಗೆ. ಒಂದ್ಸಲ ಗೊತ್ತಿಲ್ದೆ ಎಡಗಡೆ ಹಾಕಿ ಸಾಬರ ಹತ್ರ ಬೈಸಿಕೊಂಡಿದೀನಿ. ಇದೂ ಆ ತರದ್ದೇ ಇರ್ಬಹುದು, ಯಾರನ್ನಾದ್ರೂ ಕೇಳಿ ನೋಡಿ.”

“ಇದರಲ್ಲಿರೋದು ಉರ್ದುವೇನೋ?”

“ಅಲ್ಲ, ಇಂಗ್ಲಿಷು.”

“ಇಂಗ್ಲಿಷನ್ನ ಯಾವ ಕಡೆಯಿಂದ ಓದ್ತಾರೆ?”

“ಎಡಗಡೆಯಿಂದ.”

“ಮತ್ತೆ? ಕನ್ನಡ ಪಂಡಿತನಿಗೆ ಪುಸ್ತಕ ಹಿಡಿಯೋದು ಹೇಳಿಕೊಡ್ತೀಯಲ್ಲ ಮಾರಾಯ. ಇಲ್ಲೇ ನೋಡು, ಅಚ್ಚು ಹಾಕಿದೋರೇ ತಪ್ಪು ಅಂತ ಬರೆದುಕೊಟ್ಟಿದಾರೆ. ಈ ಬೆನ್ನು ಕತ್ತರಿಸಿ ಆ ಅಂಚಿಗೆ ಹೊಲಿಗೆ ಹಾಕು. ಶುಕ್ರವಾರ ಬೇಕು.”

“ಆಯ್ತು ಬಿಡಿ. ಹೇಳೋದು ಹೇಳ್ದೆ,” ಎಂದು ಜಂಬಣ್ಣ ಪುಸ್ತಕಗಳನ್ನು ಕಟ್ಟಿ ಬದಿಗಿಟ್ಟ. ಕೊಟ್ಟ ಮಾತಿನಂತೆ ಶುಕ್ರವಾರ ಹದಿನೆಂಟನ್ನೂ ಕಡುನೀಲಿ ಕ್ಯಾಲಿಕೋದಲ್ಲಿ ಕೊಟ್ಟ. ಒಳ್ಳೆಯ ಕೆಲಸಗಾರ. ‘ಚಂದ್ರಹಾಸ ಸ್ಮಾರಕ’ ಎಂಬ ಅಕ್ಷರಗಳು ಬೆನ್ನುಗಳ ಮೇಲೆ ಒಂದೇ ಸಾಲಿನಲ್ಲಿ ಕೂತಿದ್ದವು. ಬಸ್ಸಿನಲ್ಲಿ ಶಿವಯೋಗಪ್ಪನವರು ಎರಡು ಚೀಲಗಳನ್ನೂ ತೊಡೆಯ ಮೇಲೇ ಇಟ್ಟುಕೊಂಡು ಬಂದರು.

ಶನಿವಾರ ತಪಾಸಣೆಯವರು ಬಂದರು. ಲೈಬ್ರರಿಯಲ್ಲಿ ನಾಲ್ಕು ನಿಮಿಷ ನಿಂತರು. ಯಾವ ಪುಸ್ತಕವನ್ನೂ ತೆರೆಯಲಿಲ್ಲ. ನೀಲಿ ಸಾಲನ್ನು ತೋರಿಸಿ, “ನೋಡಿ, ಪುಸ್ತಕ ಇಟ್ಟುಕೊಳ್ಳೋದು ಅಂದ್ರೆ ಹೀಗೆ. ಬಹಳ ಅಚ್ಚುಕಟ್ಟು,” ಎಂದು ಬರೆದುಕೊಂಡು, ಉಪ್ಪಿಟ್ಟು ತಿಂದು ಹೋದರು. ದಾಕ್ಷಾಯಣಿಯವರು ಆರು ತಿಂಗಳಲ್ಲಿ ಮೊದಲ ಸಲ ಶಿವಯೋಗಪ್ಪನವರಿಗೆ ಥ್ಯಾಂಕ್ಸ್ ಹೇಳಿದರು.

ಆ ಸಂತೋಷದಲ್ಲೇ ಶಿವಯೋಗಪ್ಪನವರು ಮಧ್ಯಾಹ್ನ ಬೀರುವಿನ ಬೀಗ ತೆಗೆದು ಹಾಗೆಯೇ ಬಿಟ್ಟರು. ಒಂಬತ್ತನೆಯ ತರಗತಿಯ ಸಮತಾ ಎಂಬ ಹುಡುಗಿ ಬಾಗಿಲಲ್ಲಿ ಬಂದು ನಿಂತಳು. ಚಂದ್ರಹಾಸನ ಹತ್ತಿರ ಎರಡು ವರ್ಷ ಚಿತ್ರ ಕಲಿತವಳು.

“ಸಾರ್, ಚಂದ್ರಹಾಸ ಸಾರ್ ಪುಸ್ತಕ ಓಪನ್ ಮಾಡಿದೀರಂತೆ. ಒಂದು ತಗೊಳ್ಲಾ?”

“ಬಾಮ್ಮ ಬಾ!” ಎಂದು ಶಿವಯೋಗಪ್ಪನವರು ತಾವೇ ಎದ್ದು ಒಂದು ಪುಸ್ತಕ ತೆಗೆದುಕೊಟ್ಟರು. ಬರುವ ಸೋಮವಾರ ಮಾಸ್ತಮ್ಮನಿಗೆ ಹೇಳಲು ಕೊನೆಗೂ ಒಂದು ನಿಜ ಸಿಕ್ಕಿತೆಂದು ಅವರ ಮನಸ್ಸು ಹಗುರಾಗಿತ್ತು.

ಸಮತಾ ಪುಸ್ತಕವನ್ನು ಬೋರಲಾಗಿಟ್ಟು ಹಿಂದಿನಿಂದ ತೆರೆದಳು. ಹುಬ್ಬುಗಂಟಿಕ್ಕಿದಳು. ಮುಂದಿನಿಂದ ತೆರೆದಳು. ನಾಲ್ಕು ಹಾಳೆ ತಿರುಗಿಸಿದಳು. ಅವಳ ಮುಖ ಕೆಂಪಾಯಿತು.

“ಇದನ್ನ ಯಾರ್ ಸಾರ್ ಹಿಂಗ್ ಮಾಡಿದ್ದು?”

“ಯಾಕೆ? ಉಲ್ಟಾ ಇತ್ತು, ಸರಿಮಾಡಿಸ್ದೆ.”

“ಉಲ್ಟಾನೇ ಸಾರ್ ಇದು ಇರೋದು! ಜಪಾನಲ್ಲಿ ಬಲಗಡೆಯಿಂದ ಓದೋದು. ಚಿತ್ರ ಎಲ್ಲಾ ಬಲಗಡೆಯಿಂದ ಬರ್ಕೊಂಡಿರ್ತಾರೆ. ಇಂಗ್ಲಿಷಿಗೆ ಮಾಡಿದ್ರೂ ಚಿತ್ರ ಹಂಗೇ ಬಿಟ್ಟಿರ್ತಾರೆ. ‘ನಿಲ್ಲಿ, ಈ ಕಡೆಯಿಂದ ತೆರೆದ್ರೆ ತಪ್ಪು’ ಅಂತ ಒಳಗೇ ಅಚ್ಚು ಹಾಕಿರ್ತಾರೆ. ಚಂದ್ರಹಾಸ ಸಾರ್ ಮೊದಲನೇ ಕ್ಲಾಸಲ್ಲೇ ಹೇಳಿದ್ರು. ನಿಮಗೆ ಹೇಳಿರ್ಲಿಲ್ವಾ?”

ಶಿವಯೋಗಪ್ಪನವರು ಪುಸ್ತಕಕ್ಕೆ ಕೈಚಾಚಿದರು.

“ನೋಡಿ ಸಾರ್,” ಎಂದು ಅವಳು ಎರಡು ಪುಟ ತುಂಬಿದ ಒಂದು ಚಿತ್ರವನ್ನು ಅವರ ಮುಂದೆ ಹಿಡಿದಳು. ಎಡಪುಟದಲ್ಲಿ ಕುದುರೆಯ ಹಿಂಭಾಗ. ಬಲಪುಟದಲ್ಲಿ ಕುದುರೆಯ ತಲೆ. ಓಡುವ ಕುದುರೆ ನಡುವೆ ಕೂಡಬೇಕಾದದ್ದು, ತುಂಡಾಗಿ ಎರಡು ಹೊರ ಅಂಚುಗಳಿಗೆ ಹೋಗಿ, ಈಗ ತನ್ನ ಬಾಲವನ್ನು ತಾನೇ ಬೆರಗಿನಿಂದ ನೋಡುತ್ತ ನಿಂತಿತ್ತು. ಮುಂದಿನ ಪುಟಗಳಲ್ಲಿ ಮನುಷ್ಯರ ಅರ್ಧ ಮುಖಗಳು ಹೊಲಿಗೆಯ ಒಳಗೆ ಸಿಕ್ಕಿಹಾಕಿಕೊಂಡಿದ್ದವು. ಮೊದಲು ಉತ್ತರ, ಆಮೇಲೆ ಪ್ರಶ್ನೆ. ಮೊದಲು ಬಿದ್ದವನು, ಆಮೇಲೆ ತಳ್ಳಿದವನು.

“ಹದಿನೆಂಟೂ ಹಿಂಗೇನಾ ಸಾರ್?”

“ಹದಿನೆಂಟೂ.”

“ಅಯ್ಯೋ, ಏನ್ ಸಾರ್ ನೀವು!” ಎಂದುಬಿಟ್ಟಳು ಹುಡುಗಿ. ಮೇಷ್ಟ್ರಿಗೆ ಹಾಗೆ ಅಂದದ್ದು ಅರಿವಾಗಿ ನಾಲಿಗೆ ಕಚ್ಚಿಕೊಂಡಳು. ಆದರೆ ಕಣ್ಣಲ್ಲಿ ನೀರು ತುಂಬಿತ್ತು. ಪುಸ್ತಕವನ್ನು ಮೇಜಿನ ಮೇಲಿಟ್ಟು ಓಡಿಹೋದಳು.

ಶಿವಯೋಗಪ್ಪನವರು ಜಂಬಣ್ಣನ ಮೇಲೆ ಸಿಟ್ಟುಮಾಡಿಕೊಳ್ಳಲು ನೋಡಿದರು. ಆಗಲಿಲ್ಲ, ಅವನು ಹೇಳಿದ್ದ. ಚಂದ್ರಹಾಸನ ಮೇಲೆ ಸಿಟ್ಟುಮಾಡಿಕೊಳ್ಳಲು ನೋಡಿದರು. ಅವನೂ ಎರಡು ನಿಮಿಷ ಕೇಳಿದ್ದ. ಹೊಲಿಗೆ ಬಿಚ್ಚಿ ಮೊದಲಿನಂತೆ ಮಾಡಿಸೋಣವೆಂದರೆ ಹಳೆಯ ಬೆನ್ನಿನ ಕಡೆ ಕತ್ತರಿಸಿ ಹೋಗಿದೆ, ಈ ಕಡೆ ಸೂಜಿಯ ತೂತು ಬಿದ್ದಿದೆ. ಇನ್ನೊಂದು ಸಲ ಕತ್ತಿ ಆಡಿಸಿದರೆ ಉಳಿದ ಮುಖಗಳೂ ಹೋಗುತ್ತವೆ. ಕೊನೆಗೆ ಸಿಟ್ಟಿಗೆ ಯಾರೂ ಸಿಗದೆ, ಅಲ್ಲೇ ರಿಜಿಸ್ಟರಿಗೆ ಗೆರೆ ಎಳೆಯುತ್ತಿದ್ದ ಪುಟ್ಟಣ್ಣನಿಗೆ, “ಮಂಗ ಅಂತ ಬರೆದಿದ್ದನ್ನ ಇನ್ನೂ ತಿದ್ದಿಲ್ವೇನ್ರೀ?” ಎಂದು ಕೂಗಿದರು.

“ತಿದ್ದಬೇಡಿ ಅಂತ ನೀವೇ ಹೇಳಿದ್ದು ಸಾರ್, ರಿಜಿಸ್ಟರಲ್ಲಿ ಚಿತ್ತು ಆಗಬಾರದು ಅಂತ.”

“ಹಾಗಾದ್ರೆ ಇರ್ಲಿ ಬಿಡಿ. ಮಂಗನ ಕೆಲಸವೇ ಆಗಿರೋದು,” ಎಂದರು ಶಿವಯೋಗಪ್ಪನವರು.

ಸೋಮವಾರ ಮಾಸ್ತಮ್ಮ ಬಂದಳು. ಎಂದಿನಂತೆ ಕೇಳಿದಳು. ಶಿವಯೋಗಪ್ಪನವರು ಅವಳನ್ನು ಒಳಗೆ ಕರೆದು ಕುರ್ಚಿ ಹಾಕಿದರು. ಅವಳು ನೆಲದ ಮೇಲೇ ಕೂತಳು. ಅವರು ಒಂದು ನೀಲಿ ಪುಸ್ತಕ ತಂದು ಅವಳ ಮುಂದಿಟ್ಟು, ತಾವೂ ಕುರ್ಚಿಯಲ್ಲಿ ಕೂರಲಾರದೆ ನಿಂತೇ ಎಲ್ಲವನ್ನೂ ಹೇಳಿದರು. ಮಾಸ್ತಮ್ಮ ಚಿನ್ನದ ಬಣ್ಣದ ಅಕ್ಷರದ ಮೇಲೆ ಕೈಯಾಡಿಸಿದಳು.

“ಇದು ಅವನ ಹೆಸ್ರಾ?”

“ಹೌದಮ್ಮ.”

“ಚಂದ ಐತೆ.” ಪುಸ್ತಕವನ್ನು ತಿರುಗಿಸಿ ನೋಡಿದಳು. “ಅವ್ನು ಹಿಂದಲಿಂದ ಹಿಡ್ಕೊಂಡೇ ಓದ್ತಿದ್ದ. ಲೋ, ಪುಸ್ತಕ ನೆಟ್ಟಗೆ ಹಿಡಿಯೋ, ನೋಡಿದೋರು ನಗ್ತಾರೆ ಅಂತ ನಾನೂ ಬೈತಿದ್ದೆ. ನಿಮ್ಮನ್ನೇನು ಅನ್ಲಿ?” ಆಮೇಲೆ ತಲೆಯೆತ್ತಿ, “ಹಂಗಾರೆ ಯಾರೂ ಓದಿಲ್ಲ,” ಎಂದಳು.

“ಇಲ್ಲಮ್ಮ.”

“ಮೊದ್ಲೂ ಓದಿರ್ಲಿಲ್ಲ.”

“ಇಲ್ಲ.”

“ಅಷ್ಟು ವಾರ ಓದ್ತಾರೆ ಓದ್ತಾರೆ ಅಂದ್ರಲ್ಲ ಮೇಷ್ಟ್ರೇ,” ಎಂದಳು ಮಾಸ್ತಮ್ಮ. ದನಿ ಏರಿರಲಿಲ್ಲ. “ನಾನು ಮನೇಗೋಗಿ ಅವನ ಫೋಟೋಗೆ ಹೇಳ್ತಿದ್ದೆ. ಓದ್ತವ್ರಂತೆ ಕಣೋ ಅಂತ.”

ಅವಳು ಎದ್ದು ಸೆರಗು ಕೊಡವಿಕೊಂಡಳು. “ವಾಪಸ್ ಕೊಟ್ಬಿಡಿ. ಯಾರೂ ಓದ್ದೇ ಇರೋಕೆ ನಮ್ಮನೆಯೇ ಆಯ್ತದೆ. ಅವರಪ್ಪನ್ನ ಕರ್ಕೊಂಡ್ ಬರ್ತೀನಿ, ಹೊತ್ಕೊಂಡ್ ಹೋಗ್ತೀವಿ.”

“ಒಂದು ತಿಂಗಳು ಕೊಡಿ ತಾಯಿ,” ಎಂದರು ಶಿವಯೋಗಪ್ಪನವರು. ಆ ಒಂದು ತಿಂಗಳಲ್ಲಿ ಏನು ಮಾಡುತ್ತೇನೆಂದು ಅವರಿಗೆ ಗೊತ್ತಿರಲಿಲ್ಲ. ಮಾಸ್ತಮ್ಮ ಆಗಲಿ ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. ಬಾಳೆಹಣ್ಣನ್ನು ಮಾತ್ರ ಈ ಸಲ ಚೀಲದಿಂದ ತೆಗೆಯದೆ ಹೋದಳು.

ಚಂದ್ರಹಾಸನ ಜಾಗಕ್ಕೆ ಯಾರೂ ಬಂದಿರಲಿಲ್ಲ. ಒಂಬತ್ತನೆಯ ತರಗತಿಗೆ ವಾರದಲ್ಲಿ ಎರಡು ಸಲ ಕೊನೆಯ ಪೀರಿಯಡ್ಡು ಖಾಲಿ ಇರುತ್ತಿತ್ತು. ಬುಧವಾರ ಆ ಪೀರಿಯಡ್ಡಿಗೆ ಶಿವಯೋಗಪ್ಪನವರು ಹದಿನೆಂಟು ಪುಸ್ತಕ ಹೊರಿಸಿಕೊಂಡು ಹೋದರು. ಜೊತೆಗೆ ಎರಡು ಡಬ್ಬ ಪೆನ್ಸಿಲ್ಲು. ಇಬ್ಬರಿಗೊಂದು ಪುಸ್ತಕ, ಒಂದು ಪೆನ್ಸಿಲು ಹಂಚಿದರು.

“ಸಮತಾ, ಎದ್ದು ಬಾ. ಇದನ್ನ ಓದೋ ರೀತಿ ಹೇಳು ಎಲ್ಲರಿಗೂ. ನನಗೂ ಸೇರಿಸಿ ಹೇಳು.”

ಸಮತಾ ಹೆದರುತ್ತಲೇ ಬಂದು ಕಪ್ಪುಹಲಗೆಯ ಮೇಲೆ ಒಂದು ಪುಟ ಬರೆದಳು. ಮೇಲೆ ಬಲಗಡೆಯ ಚೌಕ ಮೊದಲನೆಯದು, ಅದರ ಎಡಕ್ಕೆ ಎರಡನೆಯದು, ಆಮೇಲೆ ಕೆಳಗೆ. ಮಾತಿನ ಗುಳ್ಳೆಗಳೂ ಹಾಗೆಯೇ.

“ಕೇಳಿಸ್ಕೊಂಡ್ರಾ? ಈಗ ಪ್ರತಿ ಚೌಕಕ್ಕೂ ಮೂಲೇಲಿ ಸಣ್ಣಗೆ ನಂಬರು ಹಾಕಿ. ಒಂದು, ಎರಡು, ಮೂರು. ಗೊತ್ತಾಗದೇ ಇದ್ರೆ ಓದಿ ನೋಡಿ. ಓದದೆ ಅಂದಾಜಿಗೆ ಹಾಕಿದ್ರೋ, ಬೆತ್ತ ತಂದಿದೀನಿ.”

ತರಗತಿ ನಂಬಲಿಲ್ಲ. ಲೈಬ್ರರಿ ಪುಸ್ತಕದಲ್ಲಿ ಒಂದು ಚುಕ್ಕೆ ಇಟ್ಟರೂ ಕಿವಿ ಹಿಂಡುವ ಮೇಷ್ಟ್ರು ಇವರು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ಸಾರ್, ನಿಜವಾಗ್ಲೂ ಪುಸ್ತಕದ ಮೇಲೇ ಬರೀಬೇಕಾ?” ಎಂದು ಕೇಳಿದ.

“ತಲೆ ಮೇಲೆ ಬರೀತೀಯೇನೋ? ಪುಸ್ತಕದ ಮೇಲೆ ಬರಿ.”

“ಸಾರ್, ಇದರ ಹೆಸರು ಮಾಂಗಾನಾ ಸಾರ್? ನಮ್ಮನೇಲಿ ತಮಿಳಲ್ಲಿ ಮಾಂಗಾ ಅಂದ್ರೆ ಮಾವಿನಕಾಯಿ.”

“ಸರಿಯಾಗೇ ಇದೆ. ಸುಮ್ನೆ ಕಚ್ಚಿ ನೋಡು.”

ಮೊದಲ ಹತ್ತು ನಿಮಿಷ ಗಲಾಟೆ. ಆಮೇಲೆ ನಗು. ಆಮೇಲೆ ಅವರು ಆ ತರಗತಿಯಲ್ಲಿ ಎಂದೂ ಕೇಳದ ಒಂದು ಮೌನ ಬಂತು. ಅದರ ನಡುವೆ, “ಮೂರು ಅಲ್ವೋ, ಅವಳು ಮೊದಲು ಬಾಗಿಲು ತೆಗೀಬೇಕಲ್ಲ, ಅದು ಎರಡು!” ಎಂಬಂಥ ಪಿಸುಮಾತುಗಳು. ಮಕ್ಕಳು ಇಂಗ್ಲಿಷ್ ಪದಗಳ ಅರ್ಥ ಕೇಳಿ ಕೇಳಿ ಮೇಷ್ಟ್ರನ್ನು ಹಣ್ಣುಮಾಡಿದರು. ಇಂಗ್ಲಿಷ್ ಪಾಠದಲ್ಲಿ ಬಾಯಿ ಬಿಡದ ಹುಡುಗರು ಅವರು. ನಿಘಂಟು ತರಲು ಲೈಬ್ರರಿಗೂ ತರಗತಿಗೂ ನಡುವೆ ಓಡಾಡಿ ಶಿವಯೋಗಪ್ಪನವರಿಗೆ ಮೊಣಕಾಲು ನೋವು ಬಂತು.

ಮೂರನೆಯ ಸಲ ಓಡಾಡುವಾಗ ದಾಕ್ಷಾಯಣಿಯವರು ಎದುರಾದರು. ಕಿಟಕಿಯಿಂದ ಒಳಗೆ ನೋಡಿದರು.

“ಶಿವಯೋಗಪ್ಪನವ್ರೇ, ಅವರು ಪುಸ್ತಕದಲ್ಲಿ ಗೀಚ್ತಾ ಇದಾರೆ!”

“ನಾನೇ ಗೀಚಿಸ್ತಾ ಇದೀನಿ ಮೇಡಂ.”

“ಹೋದ ವಾರ ತಾನೇ ಅಚ್ಚುಕಟ್ಟು ಅಂತ ಬರ್ಕೊಂಡು ಹೋದ್ರಲ್ರೀ!”

“ಆ ಅಚ್ಚುಕಟ್ಟಿನಿಂದಲೇ ಕೆಟ್ಟಿದ್ದು. ಮುಂದಿನ ವರ್ಷದ ತಪಾಸಣೆಗೆ ನಾನು ರಿಟೈರಾಗಿರ್ತೀನಿ, ನನ್ನ ಹೆಸರು ಹೇಳಿಬಿಡಿ,” ಎಂದು ಶಿವಯೋಗಪ್ಪನವರು ನಿಘಂಟನ್ನು ಎದೆಗೊತ್ತಿಕೊಂಡು ಒಳಗೆ ನಡೆದರು. ದಾಕ್ಷಾಯಣಿಯವರು ‘ಏನಾದರೂ ಮಾಡಿಕೊಳ್ಳಿ’ ಎಂಬಂತೆ ಕೈಯೆತ್ತಿದರು. ಆದರೆ ಗಂಟೆ ಹೊಡೆದ ಮೇಲೂ ಆ ಕೋಣೆಯಿಂದ ಯಾರೂ ಹೊರಗೆ ಬರದಿದ್ದುದನ್ನು ಅವರು ತಮ್ಮ ಬಾಗಿಲಲ್ಲಿ ನಿಂತು ನೋಡಿದರು.

ಎರಡು ವಾರದಲ್ಲಿ ನಂಬರು ಹಾಕುವ ಕೆಲಸ ಮುಗಿಯಿತು. ಮುಗಿದ ಮೇಲೂ ಪುಸ್ತಕಗಳು ಬೀರುವಿಗೆ ಬರಲಿಲ್ಲ. ಐದನೆಯ ಭಾಗ ಓದಿದವನಿಗೆ ಆರನೆಯದು ಬೇಕು. ಆರನೆಯದು ಹತ್ತನೆಯ ತರಗತಿಯವರು ಕಿತ್ತುಕೊಂಡು ಹೋಗಿದ್ದಾರೆ. ಅದಕ್ಕೊಂದು ಜಗಳ. ಎರಡು ಪುಟದ ಚಿತ್ರಗಳಿಗೆ ನಂಬರು ಹಾಕಿ ಪ್ರಯೋಜನವಿಲ್ಲವಾದ್ದರಿಂದ ಸಮತಾ ಅಂಥ ಕಡೆ ಎರಡೂ ಅಂಚಿಗೆ ಬಾಣ ಬರೆದಿದ್ದಳು. ಶಿವಯೋಗಪ್ಪನವರು ತಮ್ಮ ಪಾಲಿಗೆ ತೆಳುವಾದ ಒಂದು ಪುಸ್ತಕ ಇಟ್ಟುಕೊಂಡು ಬಸ್ಸಿನಲ್ಲಿ ನಂಬರು ಹಾಕಿದ್ದರು. ಅದರಲ್ಲಿ ಒಬ್ಬ ಮುದುಕಿ ರೈಲ್ವೆ ಸ್ಟೇಷನ್ನಿನಲ್ಲಿ ಯಾರಿಗೋ ಕಾಯುವ ಒಂಬತ್ತು ಪುಟಗಳಿದ್ದವು. ಒಂದೂ ಅಕ್ಷರವಿಲ್ಲ. ಅಕ್ಷರವಿಲ್ಲದ ಪುಟಕ್ಕೆ ಇಷ್ಟು ಹೊತ್ತು ಹಿಡಿಯುತ್ತದೆಂದು ಅವರಿಗೆ ತಿಳಿದಿರಲಿಲ್ಲ. ಕೆ.ಎಸ್.ಆರ್.ಟಿ.ಸಿ. ನಿಲ್ದಾಣದಲ್ಲಿ ಇಳಿಯುವುದನ್ನು ಮರೆತು ಕೂತಿದ್ದರು. ಕಂಡಕ್ಟರನು, “ಡಿಪೋಗೆ ಬರ್ತೀರಾ ಮೇಷ್ಟ್ರೇ?” ಎಂದು ಕೇಳಬೇಕಾಯಿತು.

ಮಾಸ್ತಮ್ಮ ಮೂರು ಸೋಮವಾರಗಳಿಂದ ಬಂದಿರಲಿಲ್ಲ. ನಾಲ್ಕನೆಯ ಸೋಮವಾರವೂ ನಾಲ್ಕು ಗಂಟೆಯವರೆಗೆ ಕಾದು, ಶಿವಯೋಗಪ್ಪನವರು ಆ ತೆಳು ಪುಸ್ತಕವನ್ನು ಚೀಲದಲ್ಲಿಟ್ಟುಕೊಂಡು ತಾವೇ ಅವಳ ಮನೆ ಹುಡುಕಿಕೊಂಡು ಹೋದರು. ಬಾಗಿಲ ಮುಂದೆ ಮಾರಪ್ಪ ಸ್ಟೂಲಿನ ಮೇಲೆ ಕೂತು ಬೀಡಿ ಸೇದುತ್ತಿದ್ದವನು ಎದ್ದು, ಬೀಡಿ ಎಸೆದು, “ಬನ್ನಿ ಸಾ. ಲೇ, ಮೇಷ್ಟ್ರು ಬಂದವ್ರೆ,” ಎಂದ. ಮಾಸ್ತಮ್ಮ ಒಳಗೆ ಅಕ್ಕಿ ಆರಿಸುತ್ತಿದ್ದಳು. ಏಳಲಿಲ್ಲ.

“ಪುಸ್ತಕ ಹೊರೋಕೆ ನಾಳಿದ್ದು ಬರೋಣ ಅಂತಿದ್ವಿ,” ಎಂದಳು ಮೊರದಿಂದ ತಲೆಯೆತ್ತದೆ.

“ಬಂದರೂ ಸಿಗೋದಿಲ್ಲಮ್ಮ. ಬೀರು ಖಾಲಿ ಇದೆ. ಎಲ್ಲ ಮಕ್ಕಳ ಮನೇಲಿದಾವೆ.”

ಮಾಸ್ತಮ್ಮ ಅವರ ಮುಖ ನೋಡಿದಳು. ಬಹಳ ಹೊತ್ತು ನೋಡಿದಳು. “ಮೊದ್ಲೂ ಹಿಂಗೇ ಹೇಳಿದ್ರಿ,” ಎಂದಳು.

ಆಣೆ ಹಾಕುವುದು ಶಿವಯೋಗಪ್ಪನವರಿಗೆ ನಿಷಿದ್ಧ. ಚೀಲದಿಂದ ಪುಸ್ತಕ ತೆಗೆದು ಮೊರದ ಪಕ್ಕದಲ್ಲಿ ಇಟ್ಟರು. “ಇದೊಂದನ್ನ ನಾನು ಓದಿದೀನಿ. ಉಳಿದೋರ ಮಾತು ಬಿಡಿ, ನನ್ನದು ಹೇಳ್ತಿದೀನಿ.”

ಅವಳು ಕೈಯನ್ನು ಸೆರಗಿಗೆ ಒರೆಸಿಕೊಂಡು ಪುಸ್ತಕ ತೆರೆದಳು. “ಇದೇನು, ಮೂಲೆ ಮೂಲೇಲಿ?”

“ನಂಬರು. ಮಕ್ಕಳು ಹಾಕಿರೋ ತರಾನೇ ನಾನೂ ಹಾಕಿದೀನಿ. ಒಂದರ ಮೇಲೆ ಎರಡು, ಎರಡರ ಮೇಲೆ ಮೂರು, ಹಂಗೆ ಹೋದ್ರೆ ಕಥೆ.”

“ಅಂಕಿ ಬರ್ತದೆ ನಂಗೆ,” ಎಂದಳು ಮಾಸ್ತಮ್ಮ. “ಬಸ್ಸಿನ ನಂಬರು, ಕ್ವಾಟ್ರಸ್ ನಂಬರು ಎಲ್ಲಾ ನೋಡ್ತೀನಿ. ಅಕ್ಷರವೇ ಬರಾಕಿಲ್ಲ.”

“ಆ ಒಂಬತ್ತು ಪುಟದಲ್ಲಿ ಅಕ್ಷರ ಇಲ್ಲ.”

ಅವಳ ಬೆರಳು ಬಲಗಡೆಯ ಮೇಲಿನ ಚೌಕಕ್ಕೆ ಹೋಯಿತು. ಒಂದು. ಎಡಕ್ಕೆ ಸರಿದು ಎರಡು. ಕೆಳಗೆ ಇಳಿದು ಮೂರು. ಮಾರಪ್ಪ ಬಾಗಿಲಲ್ಲಿ ನಿಂತು, “ಕಾಫಿ ಕಾಯ್ಸೋದಿಲ್ವೇನೇ ಮೇಷ್ಟ್ರಿಗೆ?” ಎಂದ. ಅವಳು ತಲೆಯೆತ್ತದೆ ಎಡಗೈಯನ್ನು ಅವನ ಕಡೆ ಅಲ್ಲಾಡಿಸಿದಳು. ಬೆರಳು ಮುಂದಿನ ಪುಟಕ್ಕೆ ಹೋಯಿತು. “ಚಳಿ ಆಯ್ತೈತೆ ಪಾಪ ಮುದುಕಿಗೆ,” ಎಂದಳು. ಮತ್ತೊಂದು ಪುಟ ತಿರುಗಿಸಿದ ಮೇಲೆ, “ಬರ್ಲಿಲ್ಲ ಈ ಗಾಡೀಲೂ,” ಎಂದಳು.

ಆ ಒಂಬತ್ತು ಪುಟಗಳು ಎರಡು ಹಾಳೆ ತುಂಬಿದ ಒಂದು ಚಿತ್ರದಲ್ಲಿ ಮುಗಿಯುತ್ತಿದ್ದವು. ಈ ಕಡೆಯ ಹಾಳೆಯಲ್ಲಿ ಮುದುಕಿ ಅಂಚಿನ ಕಡೆಗೆ ಎರಡೂ ಕೈ ಚಾಚಿ ನಿಂತಿದ್ದಾಳೆ. ಆ ಕಡೆಯ ಹಾಳೆಯಲ್ಲಿ ರೈಲಿನಿಂದ ಇಳಿದ ಯುವಕ ಆ ಅಂಚಿನ ಕಡೆಗೆ ಓಡುತ್ತಿದ್ದಾನೆ. ಹೊಲಿಗೆ ನಡುವೆ ಬಂದು ಇಬ್ಬರೂ ಒಬ್ಬರಿಗೊಬ್ಬರು ಬೆನ್ನು ಮಾಡಿದ್ದರು. ಶಿವಯೋಗಪ್ಪನವರು ಅದಕ್ಕೆ ನಂಬರು ಹಾಕದೆ, ಸಮತಾಳಂತೆ ಎರಡೂ ಅಂಚಿಗೆ ಬಾಣ ಮಾತ್ರ ಬರೆದಿದ್ದರು. ಬಾಗಿಲ ಹೊರಗೆ ನೋಡಿದರು. ಶಿವಮೊಗ್ಗದ ಬಸ್ಸಿನ ಹೊತ್ತು ಮೀರುತ್ತಿತ್ತು.

ಮಾಸ್ತಮ್ಮ ಆ ಹಾಳೆಯನ್ನು ನೋಡಿದಳು, ಈ ಹಾಳೆಯನ್ನು ನೋಡಿದಳು. ಅಂಚಿನಲ್ಲಿದ್ದ ಎರಡು ಪುಟ್ಟ ಬಾಣಗಳನ್ನು ನೋಡಿದಳು. ಆಮೇಲೆ ಎರಡು ಹಾಳೆಗಳ ಹೊರ ಅಂಚುಗಳನ್ನು ಎರಡು ಕೈಯಲ್ಲಿ ಹಿಡಿದು ನಿಧಾನವಾಗಿ ಮೇಲಕ್ಕೆತ್ತಿ ಬಾಗಿಸತೊಡಗಿದಳು. ಗಟ್ಟಿ ಹೊಲಿಗೆ ಕಿರ್ ಎಂದಿತು.

“ಹರಿದೀಯ, ನೋಡ್ಕೊಂಡು,” ಎಂದ ಮಾರಪ್ಪ.

ಅವಳು ಬಿಡಲಿಲ್ಲ. ಎರಡು ಅಂಚುಗಳೂ ಒಂದಕ್ಕೊಂದು ತಾಗುವವರೆಗೆ ತಂದು, ಬೊಗಸೆ ಕಟ್ಟಿದಂತೆ ಹಿಡಿದು, ತಲೆ ಬಗ್ಗಿಸಿ ಒಳಗೆ ನೋಡಿದಳು. ಹಾಗೇ ನೋಡುತ್ತ ಕೂತಳು.